ನಾಗವ್ವ, ತಂದೆ ಭೀಮಪ್ಪ

ಇಂಡಿಗೆ ವರ್ಗವಾಗಿ ಬಂದ ಮೊದಲ ವಾರವೇ ರೆಕಾರ್ಡ್ ರೂಮಿನ ಕೀಲಿಕೈ ನನ್ನ ಕೈಗೆ ಬಂತು. ಬಾಗಿಲು ತೆರೆದದ್ದೇ ತಡ, ಆ ವಾಸನೆ ಮುಖಕ್ಕೆ ಹೊಡೆಯಿತು. ನುಸಿಗುಳಿಗೆ, ಹಳೆಯ ಕಾಗದ, ಮಳೆಗೆ ತೊಯ್ದ ಗೋಡೆ, ದಾಖಲೆಗಳನ್ನು ಗಂಟು ಕಟ್ಟಿಡುವ ಕೆಂಪು ಬಟ್ಟೆ. ಆ ಗಂಟಿಗೆ ನಮ್ಮ ಕಚೇರಿಗಳಲ್ಲಿ ರುಮಾಲು ಅನ್ನುತ್ತಾರೆ. "ಮೇಡಂ, ಸ್ವಲ್ಪ ಹೊರಗ ನಿಂದರ್ರಿ, ಗಾಳಿ ಆಡ್ಲಿ," ಅಂದ ಜವಾನ. ನಾನು ಒಳಗೇ ನಿಂತೆ. ಅವನಿಗೆ ಅದು ಕೆಮ್ಮು ಬರಿಸುವ ವಾಸನೆ. ನನಗೆ ಬಸವನ ಬಾಗೇವಾಡಿಯ ಆ ಒಂದು ಮಳೆಗಾಲ ನೆನಪಾಯಿತು. ಇಂಥದೇ ಕೋಣೆಯಲ್ಲಿ, ಕಚೇರಿ ಬಿಟ್ಟ ಮೇಲೆ, ಸಂಜೆ ಬೆಳಕು ಇರುವಷ್ಟು ಹೊತ್ತು ಒಬ್ಬ ಹೆಂಗಸಿಗಾಗಿ ರುಮಾಲು ಬಿಚ್ಚಿ ಕಟ್ಟಿ ಬಿಚ್ಚಿ ಕಟ್ಟಿ ಕಳೆದ ಮಳೆಗಾಲ ಅದು.

ನಾನು ಮಾದೇವಿ. ಆಲಮೇಲದ ಹತ್ತಿರ ಭೀಮಾ ದಂಡೆಯ ಹಳ್ಳಿಯವಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ಗಂಡಸರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಿಂದಗಿಯ ಕಾಲೇಜಿಗೆ ಮೂರು ವರ್ಷ ಬಸ್ಸಿನ ಬಾಗಿಲಲ್ಲಿ ನಿಂತು ಹೋಗಿ ಬಂದಿದ್ದೇನೆ. ರಜೆಯಲ್ಲಿ ಕಂಡವರ ಹೊಲದಲ್ಲಿ ಕಬ್ಬಿನ ಒಣಗರಿ ರವದಿ ಸುಲಿದು ಅಂಗೈ ಕೊಯ್ದುಕೊಂಡಿದ್ದೇನೆ. ನೌಕರಿಯ ಪರೀಕ್ಷೆಯಲ್ಲಿ ಎರಡು ಸಲ ಬಿದ್ದು ಮೂರನೆಯ ಸಲ ಎದ್ದಿದ್ದೇನೆ. ತಹಶೀಲ್ದಾರ್ ಕಚೇರಿಯ ಈ ಗುಮಾಸ್ತೆ ಕುರ್ಚಿ ಯಾರೂ ನನಗೆ ಉಡಿ ತುಂಬಿ ಕೊಟ್ಟದ್ದಲ್ಲ.

ಕಾಲೇಜಿಗೆ ಹೋಗುತ್ತೇನೆಂದು ಹಟ ಹಿಡಿದ ದಿನ ದೊಡ್ಡಪ್ಪ ಅಂಗಳದಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಅಂದಿದ್ದ: "ಬಂತ ನೋಡ್ರಿ, ಹುಚ್ಚಿ ರಕ್ತ ಹೊರಗ ಬಂತ." ದೊಡ್ಡಪ್ಪ ಅಂದರೆ ನಮ್ಮಪ್ಪನ ಅಣ್ಣ ಶರಣಪ್ಪ, ಮನೆಯ ಹಿರಿಯ. ಅವನು ಹುಚ್ಚಿ ಅಂದದ್ದು ನಾಗವ್ವನಿಗೆ. ನಾಗವ್ವ ನಮ್ಮ ಅಜ್ಜನ, ನಾವು ಮುತ್ಯಾ ಅನ್ನುವವನ, ತಾಯಿ; ಅಪ್ಪನಿಗೂ ದೊಡ್ಡಪ್ಪನಿಗೂ ಆಯಿ, ಅಂದರೆ ಅಜ್ಜಿ. ಮುತ್ಯಾ ಇನ್ನೂ ಎದೆಹಾಲು ಬಿಡದ ಕೂಸಾಗಿದ್ದಾಗ ಅವಳಿಗೆ ಹುಚ್ಚು ಹಿಡಿಯಿತು, ಭೀಮಾ ಹೊಳೆಗೆ ಹಾರಿದಳು: ನಾವೆಲ್ಲ ಕೇಳಿ ಬೆಳೆದದ್ದು ಇಷ್ಟೇ. ಅವಳ ಹೆಸರನ್ನು ಮನೆಯೊಳಗೆ ಕರೆಯುವಂತಿರಲಿಲ್ಲ. ಕರೆದರೆ ಬರುತ್ತಾಳೆ ಎಂಬ ಹೆದರಿಕೆ. ಮಾನವಮಿ ಅಮಾವಾಸ್ಯೆಗೆ ನಮ್ಮಲ್ಲಿ ಹಿರೇರ ಹಬ್ಬ. ತೀರಿಕೊಂಡ ಒಬ್ಬೊಬ್ಬರ ಹೆಸರು ಕರೆದು ಒಂದೊಂದು ಎಡೆ ಇಡುತ್ತೇವೆ. ಅವಳ ಹೆಸರಿಲ್ಲ, ಅವಳಿಗೆ ಎಡೆಯೂ ಇಲ್ಲ. ಆದರೆ ಮನೆಯ ಹೆಣ್ಣುಮಕ್ಕಳು ಜೋರಾಗಿ ನಕ್ಕರೆ, ಎದುರು ಮಾತಾಡಿದರೆ, ಉಣ್ಣದೆ ಮಲಗಿದರೆ ಮಾತ್ರ ಹುಚ್ಚಿ ಹಾಜರು.

ನಾನು ಬಾಗೇವಾಡಿಯಲ್ಲಿದ್ದ ಆ ವರ್ಷ, ಜೂನ್ ತಿಂಗಳ ಮಿರಗದ ಮಳೆಯ ಹೊತ್ತಿಗೆ ದೊಡ್ಡಪ್ಪನ ಮೊಮ್ಮಗಳು ಕವಿತಾ ತವರಿಗೆ ಬಂದಳು. ಬಂದಳು ಅಂದರೆ ಗಂಡನ ಮನೆಯವರು ತಂದು ಬಿಟ್ಟು ಹೋದರು. ಹೆತ್ತ ಕೂಸು ಎಂಟನೆಯ ದಿನ ತೀರಿಕೊಂಡಿತ್ತು. ಅವತ್ತಿನಿಂದ ಅವಳು ಮಾತು ಬಿಟ್ಟಿದ್ದಳು. ಮೊದಮೊದಲು ಕೂತಲ್ಲೇ ಕೂತಿರುತ್ತಿದ್ದಳು. ಆಮೇಲೆ ಒಂದು ದಿನ ಎದ್ದು ಮಳೆಯಲ್ಲಿ ಹೊಲದ ಕಡೆ ನಡೆದುಬಿಟ್ಟಳು. ಎರೆ ಮಣ್ಣಿನ ರಾಡಿಯಲ್ಲಿ ಮೊಣಕಾಲವರೆಗೆ ಹುಗಿದುಕೊಂಡು ನಿಂತವಳನ್ನು ಕರೆತಂದರು. ಅವತ್ತೇ ದೊಡ್ಡಪ್ಪ ಅವಳ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹೊಡೆಸಿದ.

ಶನಿವಾರ ಊರಿಗೆ ಹೋದವಳು ಆ ಚಿಲಕ ನೋಡಿ ನಿಂತುಬಿಟ್ಟೆ.

"ದವಾಖಾನಿಗೆ ತೋರಸ್ರಿ ದೊಡ್ಡಪ್ಪಾ. ಬಾಣಂತಿ ಅದಾಳ. ಇದಕ್ಕ ಔಷಧ ಐತಿ."

"ಡಾಕ್ಟರ ರಕ್ತ ಬದಲಿ ಮಾಡ್ತಾನೇನ? ನಾಗವ್ವ ಬಂದಾಳ ಆಕಿ ಮ್ಯಾಲ. ಆಕಿಗೂ ಹಿಂಗ ಆಗಿತ್ತು. ಮುಂದ ಏನಾತ ಗೊತ್ತೈತಿಲ್ಲ?"

"ಗೊತ್ತಿಲ್ರಿ. ಏನಾತ ಹೇಳ್ರಿ."

ಅವನು ನನ್ನ ಮುಖ ನೋಡಲಿಲ್ಲ. "ಹೊಳಿಗೆ ಹಾರಿದ್ಲು. ಮುಗೀತು. ಈ ಸಲ ಹಿರೇರ ಹಬ್ಬ ಆಗ್ಲಿ. ಗಾಳಿ ಬಿಡಸಾವ ಒಬ್ಬ ಅದಾನ, ಅವನ ಕಡೆ ಬಿಟ್ಟ ಬರೂದು."

ಆ ಮನುಷ್ಯನ ಹತ್ತಿರ ಕಾಲಿಗೆ ಸರಪಳಿ ಹಾಕಿ, ಬೇವಿನ ಬರಲಿನಿಂದ ಹೊಡೆಯುತ್ತಾರೆಂದು ನಮ್ಮ ಸುತ್ತಿನವರಿಗೆಲ್ಲ ಗೊತ್ತು. ಕವಿತಾಳ ತಂದೆತಾಯಿ ದೊಡ್ಡಪ್ಪನ ಎದುರು ತುಟಿ ಬಿಚ್ಚುವವರಲ್ಲ. ನಮ್ಮಪ್ಪನಂತೂ ಹುಟ್ಟಿದಾಗಿನಿಂದ ಅಣ್ಣನ ಮಾತಿಗೆ ತಲೆ ಅಲ್ಲಾಡಿಸಿ ಬಂದವನು. ಔಷಧ, ಡಾಕ್ಟರು, ವಿಜ್ಞಾನ ಎಂದು ನಾನು ಒದರಿದರೆ ಯಾರೂ ಕೇಳುವುದಿಲ್ಲ. 'ನಾಗವ್ವಗ ಏನಾತ' ಎಂಬ ಒಂದೇ ಮಾತು ನನ್ನ ಡಿಗ್ರಿಯ ಮೇಲೆ ಕೂತುಬಿಡುತ್ತದೆ. ಹಾಗಾದರೆ ಏನಾಯಿತೆಂದು ನೋಡಿಯೇಬಿಡೋಣ ಅಂದುಕೊಂಡೆ. ಹಬ್ಬಕ್ಕೆ ಮೂರು ತಿಂಗಳಿತ್ತು.

ನಮ್ಮ ಕಡೆ ಹೆಳವರು ಅಂತ ಇದ್ದಾರೆ. ಮನೆಮನೆಯ ವಂಶಾವಳಿ ಬರೆದಿಟ್ಟುಕೊಂಡು, ಕೆಲವು ವರ್ಷಕ್ಕೊಮ್ಮೆ ಬಂದು, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಹಿಂದಿನವರ ಹೆಸರು ಓದಿ, ಕಾಳುಕಡಿ ತೆಗೆದುಕೊಂಡು ಹೋಗುವವರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರಂತೆ. ನಮ್ಮ ಮನೆತನದ ಹೆಳವ ಮಲ್ಲಪ್ಪ ಈಗ ಮೋಟಾರ್ ಸೈಕಲ್ ಮೇಲೆ ಬರುತ್ತಾನೆ. ಅಪ್ಪನ ಫೋನಿನಲ್ಲಿ ಅವನ ನಂಬರಿತ್ತು. ಆಷಾಢದ ಒಂದು ಮಧ್ಯಾಹ್ನ ಬಾಗೇವಾಡಿ ಬಸ್ ಸ್ಟ್ಯಾಂಡಿಗೆ ಬಂದ, ರಸಗೊಬ್ಬರದ ಚೀಲದಲ್ಲಿ ಸುತ್ತಿದ ಉದ್ದನೆ ಹೊತ್ತಿಗೆ ಹಿಡಿದುಕೊಂಡು. ಜಿಟಿಜಿಟಿ ಮಳೆ. ಬೆಂಚಿನ ಮೇಲೆ ಟವೆಲ್ ಹಾಸಿ ಅದರ ಮೇಲೆ ಹೊತ್ತಿಗೆ ಇಟ್ಟ.

"ಕೇಳಿಲ್ಲದ್ದ ಕೇಳಾಕತ್ತಿ ತಂಗಿ. ನಿಮ್ಮ ಮನ್ಯಾಗ ಆ ಹೆಸರ ಓದಬ್ಯಾಡ ಅಂತ ಹೇಳ್ಯಾರ. ನಮ್ಮಪ್ಪನ ಕಾಲದಾಗಿಂದ ಹೇಳ್ಯಾರ."

"ಅಂದ್ರ ಹೊಡದ ಹಾಕೀರೇನ್ರಿ?"

ಅವನಿಗೆ ಸಿಟ್ಟು ಬಂತು. "ಏನ ಮಾತ ಆಡ್ತಿ? ನಾವು ಹೇಳಾವ್ರು, ಅಳಸಾವ್ರಲ್ಲ. ಓದಬ್ಯಾಡ ಅಂದ್ರ ಓದೂದಿಲ್ಲ. ಆ ಹೆಸರು ಬಂದಲ್ಲಿ ಒಂದ ಉಸುರ ತಗೊಂಡು ಮುಂದ ಹೋಗ್ತೇನಿ. ಹರದಿಲ್ಲ, ಹೊಡದಿಲ್ಲ. ನೋಡ್ಕೋ."

ಹೌದು, ಮುತ್ಯಾನ ಹೆಸರಿನ ಮೇಲೆ ಅವನು ಪ್ರತಿಸಲ ತಡೆಯುತ್ತಿದ್ದುದು ನನಗೆ ನೆನಪಿತ್ತು. ದಮ್ಮಿನ ತೊಂದರೆ ಇರಬೇಕು ಅಂದುಕೊಂಡಿದ್ದೆ. ಆ ಉಸಿರಿನ ಜಾಗದಲ್ಲಿ ಕರಿ ಶಾಯಿಯ ಅಕ್ಷರ ಇತ್ತು: ನಾಗವ್ವ, ಬಸಪ್ಪನ ಹೆಂಡತಿ, ಭೀಮಪ್ಪನ ಮಗಳು. ಕೃಷ್ಣಾ ದಂಡೆಗೆ ಹೋದಳು.

"ಹೊಳಿಗೆ ಹಾರಿ ಸತ್ಲು ಅಂತಾರಲ್ರಿ?"

"ಭೀಮಾ ಹೊಳಿಗೆ ಹಾರಿದಾಕಿ ಕೃಷ್ಣಾ ದಂಡ್ಯಾಗ ಹ್ಯಾಂಗ ಎದ್ದಾಳ? ಒಳಗಿಂದೊಳಗ ನಳಾ ಜೋಡಿಸ್ಯಾರೇನ?" ಮಲ್ಲಪ್ಪ ತಾನೇ ನಕ್ಕ. ಆಮೇಲೆ ಮೆಲ್ಲಗೆ ಅಂದ, "ನಮ್ಮಪ್ಪ ಆಕಿನ್ನ ಕಣ್ಣಲೆ ನೋಡ್ಯಾನ ತಂಗಿ. ಯಾವ ಊರು ಅಂತ ಬರೀಲಿಲ್ಲ. ಬರದ್ರ ಹೋಗಿ ಎಳಕೊಂಡ ಬರ್ತಾರ ಅಂತ ಬಿಟ್ಟಿರಬೇಕು."

ಅವನು ಚಹಾ ಕುಡಿದು ಹೋದ ಮೇಲೂ ನಾನು ಅಲ್ಲೇ ಕೂತಿದ್ದೆ. ಸತ್ತಿಲ್ಲ. ಅವಳು ಸತ್ತಿರಲಿಲ್ಲ.

ಕೃಷ್ಣಾ ದಂಡೆ ಅಂದರೆ ಸಣ್ಣ ಜಾಗವೇ? ಆದರೆ ಆ ದಂಡೆಯ ಎಷ್ಟೋ ಊರು ಆಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿವೆ. ಮುಳುಗುವ ಮೊದಲು ಮನೆಮನೆ ಎಣಿಸಿ ಪಟ್ಟಿ ಮಾಡಿದ್ದಾರೆ. ಅಲ್ಲಿಯವರೆಗೆ ಅವಳು ಬದುಕಿದ್ದರೆ ಆ ಪಟ್ಟಿಯಲ್ಲಿ ಇರಲೇಬೇಕು. ಸಾಹೇಬರ ಎದುರು ನಿಂತು ಅನುಮತಿ ಕೇಳಿದೆ. "ಆಫೀಸ್ ಟೈಮ್ ಬಿಟ್ಟು ಏನರೆ ನೋಡ್ಕೋರಿ. ರುಮಾಲ ಮತ್ತ ಹಂಗ ಕಟ್ಟಿ ಇಡ್ರಿ," ಅಂದರು.

ಶ್ರಾವಣವಿಡೀ ಅದೇ ಕೆಲಸ. ಐದೂವರೆಗೆ ಎಲ್ಲರೂ ಹೋದ ಮೇಲೆ ಮೂಗಿಗೆ ಸೆರಗು ಕಟ್ಟಿಕೊಂಡು ಕೂರುತ್ತಿದ್ದೆ. ಹೊರಗೆ ತಗಡಿನ ಮೇಲೆ ಮಳೆಯ ಸದ್ದು. ಹಳೆಯ ಕಾಗದದಲ್ಲಿ ಹೆಂಗಸರ ಹೆಸರು ಬರುವುದು ಕಡಿಮೆ. ಬಂದರೆ 'ಕೋಂ' ಅಂತ ಹಾಕಿ ಗಂಡನ ಹೆಸರು. ಇಂಥವನ ಹೆಂಡತಿ ಅಂತ ಅರ್ಥ. ನಾನು 'ನಾಗವ್ವ ಕೋಂ ಬಸಪ್ಪ'ನನ್ನು ಹುಡುಕುತ್ತ ಹೋದೆ. ಬಸಪ್ಪಂದಿರಿಗೆ ನಮ್ಮ ಸೀಮೆಯಲ್ಲಿ ಬರವೇ? ಕಾಶಪ್ಪ ಬಿಟ್ಟರೆ ಬಸಪ್ಪ, ಬಸಪ್ಪ ಬಿಟ್ಟರೆ ಕಾಶಪ್ಪ. ನಾಗವ್ವಂದಿರಿಗೂ ಬರವಿಲ್ಲ. ಆದರೆ ಇಬ್ಬರೂ ಒಟ್ಟಿಗೆ ಸಿಗಲಿಲ್ಲ.

ಕೊನೆಗೆ ಮುದ್ದೇಬಿಹಾಳದ ಕಚೇರಿಯಲ್ಲಿದ್ದ, ನನ್ನ ಜೊತೆ ಪರೀಕ್ಷೆ ಬರೆದಿದ್ದ ಗೆಳತಿಯೊಬ್ಬಳು ಫೋನ್ ಮಾಡಿದಳು: "ಸಿಕ್ಕಾಳ ನೋಡು, ನಾಗವ್ವ ಕೋಂ ಬಸಪ್ಪ. ಹಿಂದ ಮುಳುಗಿದ ಊರಾಕಿ. ಮನಿ ಊರ ಹೊರಗಿನ ಪ್ಲಾಟಿನ್ಯಾಗ ಐತಿ." ಮರುದಿನ ರವಿವಾರ. ಹಾರ, ಹಣ್ಣು ತೆಗೆದುಕೊಂಡು ಬಸ್ಸು ಹತ್ತಿದೆ. ಸತ್ತವಳ ಫೋಟೋ ಏನಾದರೂ ಗೋಡೆಯ ಮೇಲಿದ್ದರೆ ಹಾಕಬೇಕೆಂದು ಹಾರ.

ಬಾಗಿಲಲ್ಲಿ ಎಂಬತ್ತು ದಾಟಿದ ಮುದುಕಿ ಅಕ್ಕಿ ಆರಿಸುತ್ತ ಕೂತಿದ್ದಳು.

"ಆಯೀ, ನಾಗವ್ವ ಅಂತ ಇದ್ರಲ್ರಿ, ಬಸಪ್ಪನ ಹೇಂತಿ..."

"ಇದ್ರಲ್ರಿ ಅಂದ್ರ? ನಾನಽ... ನಾನ ನಾಗವ್ವ! ನಾ ಇನ್ನೂ ಸತ್ತಿಲ್ಲವಾ. ಆ ಹಾರ ಯಾರಿಗೆ ತಂದಿ?"

ಒಳಗಿನಿಂದ ಸೊಸೆಯರು ಬಂದು ಸೆರಗು ಬಾಯಿಗೆ ಇಟ್ಟುಕೊಂಡು ನಗತೊಡಗಿದರು. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಅನ್ನಿಸಿತು. ಮುದುಕಿ ಮಾತ್ರ ಹಾರ ಕಸಿದುಕೊಂಡು ದೇವರ ಜಗುಲಿಗೆ ಕಳಿಸಿ, ನನ್ನನ್ನು ಕೂಡಿಸಿ, ಚಹಾ ಮಾಡಿಸಿ, ಇಡೀ ಕಥೆ ಕೇಳಿದಳು. ಕೇಳಿ ಮೊರವನ್ನು ಪಕ್ಕಕ್ಕೆ ಇಟ್ಟಳು.

"ನೀ ಎಷ್ಟ ಕಲತಿ ಅಂದಿ?"

"ಬಿ.ಎ. ಆಗೇನ್ರಿ."

"ಬಿ.ಎ. ಆಗಿ ಏನ ಮಾಡಿದಿ? ಗಂಡನ ಮನಿ ಬಿಟ್ಟ ಬಂದಾಕಿ ಗಂಡನ ಹೆಸರ ಯಾಕ ಹೊತಕೊಂಡ ಅಡ್ಡಾಡ್ತಾಳ? ನನ್ನ ಗಂಡ ಛಲೋ ಇದ್ದ, ನಾ ಹೊತ್ತೇನಿ. ಆಕಿಗೇನ ಬಂದಿತ್ತು? ಅವರಪ್ಪನ ಹೆಸರ ನೋಡವಾ."

ಬಸ್ಸಿನಲ್ಲಿ ಬಾಗೇವಾಡಿ ಬರುವವರೆಗೂ ನನ್ನ ಕಿವಿ ಸುಡುತ್ತಿತ್ತು. ಇಡೀ ಶ್ರಾವಣ ನಾನು ಮಾಡಿದ ಕೆಲಸ ದೊಡ್ಡಪ್ಪನದೇ ಕೆಲಸ. ಅವನು ಅವಳನ್ನು ನಮ್ಮ ಮನೆಯ ಹುಚ್ಚಿ ಅಂತ ಇಟ್ಟಿದ್ದ. ನಾನು ಬಸಪ್ಪನ ಹೆಂಡತಿ ಅಂತ ಹುಡುಕಿದ್ದೆ. ಹೆಂಗಸು ಗಂಡನ ಹೆಸರಿನ ಕೆಳಗೇ ಸಿಗಬೇಕೆಂದು ನನ್ನ ತಲೆಯಲ್ಲಿ ಯಾರು ಬರೆದಿದ್ದರು? ಅಷ್ಟು ಪುಸ್ತಕ ಓದಿದರೂ ಅದು ಅಳಿಸಿರಲಿಲ್ಲ.

ಸೋಮವಾರ ಸಂಜೆ ಅದೇ ರುಮಾಲುಗಳನ್ನು ಮತ್ತೆ ಬಿಚ್ಚಿದೆ. ಬುಧವಾರ ಸಿಕ್ಕಳು. ಹಳೆ ಕೊಲ್ಹಾರದ ಮನೆಗಳ ಪಟ್ಟಿಯಲ್ಲಿ, ಎರಡು ಸಲ ಕಣ್ಣಾಡಿಸಿ ದಾಟಿ ಹೋಗಿದ್ದ ಹಾಳೆಯಲ್ಲೇ ಇದ್ದಳು. ನಾಗವ್ವ, ತಂದೆ ಭೀಮಪ್ಪ. ಮಣ್ಣಿನ ಮನೆ, ಒಂದು ಅಂಕಣ. ಒಂದು ಎಮ್ಮೆ. ಕೊನೆಯಲ್ಲಿ ಹೆಬ್ಬೆಟ್ಟಿನ ಗುರುತು. ಆ ಗುರುತಿನ ಮೇಲೆ ನನ್ನ ಹೆಬ್ಬೆಟ್ಟು ಇಟ್ಟು ನೋಡಿದೆ. ಯಾರೂ ಇರಲಿಲ್ಲ, ಅತ್ತರೂ ನಡೆಯುತ್ತಿತ್ತು. ಅಳಲಿಲ್ಲ. ರುಮಾಲು ಕಟ್ಟಿಟ್ಟು ಕೀಲಿ ಹಾಕಿದೆ.

ಕೊಲ್ಹಾರದ ಸೇತುವೆಯ ಹತ್ತಿರ ಬಸ್ಸು ನಿಂತರೆ ಈಗಲೂ ಹೆಂಗಸರು ಮಣ್ಣಿನ ಗಡಿಗೆಯಲ್ಲಿ ಕೆನೆಮೊಸರು ಹಿಡಿದುಕೊಂಡು ಕಿಟಕಿಗೆ ಬರುತ್ತಾರೆ. ಮರುದಿನ ರಜೆ ಹಾಕಿ ಹೋದವಳು ಅವರಲ್ಲಿಯೇ ಒಬ್ಬಾಕೆಯನ್ನು ಕೇಳಿದೆ. ಅವಳು ಇನ್ನೊಬ್ಬಾಕೆಯನ್ನು ಕೂಗಿದಳು. "ಮೊಸರ ನಾಗವ್ವನ ಕೇಳಾಕತ್ತಾಳ ನೋಡ. ಆಕಿ ಬಾಜೂ ಮನ್ಯಾಕಿ ಖಾಸಿಂಬಿ ಮನಿ ತೋರಸ." ಹೊಸ ಕೊಲ್ಹಾರದ ಓಣಿಯಲ್ಲಿ, ಹಸಿರು ಬಣ್ಣದ ಬಾಗಿಲ ಮುಂದೆ, ಎಪ್ಪತ್ತೈದರ ಆಸುಪಾಸಿನ ಖಾಸಿಂಬಿ ಕಾಲು ಚಾಚಿ ಕೂತಿದ್ದಳು.

"ಯಾರಾಕಿ ಬೇ ನೀ?"

"ನಾಗವ್ವನ ಮಗನ ಮೊಮ್ಮಗಳ್ರಿ. ಆಲಮೇಲದ ಕಡಿಯಿಂದ ಬಂದೇನಿ."

ಖಾಸಿಂಬಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಈಗ ಬಂದ್ರಿ? ಇಷ್ಟ ವರ್ಷ ನಿಮ್ಮೂರಿಗೆ ಬಸ್ ಇದ್ದಿಲ್ಲೇನ?"

ಚಪ್ಪಲಿ ಬಿಟ್ಟು ಅಲ್ಲೇ ನಿಂತೆ. ನಿಂತದ್ದು ನೋಡಿ ಅವಳಿಗೇ ಕರುಣೆ ಬಂತೇನೋ, ಚಾಪೆ ಸರಿಸಿದಳು.

ನಾಗವ್ವ ಹಳೆ ಕೊಲ್ಹಾರಕ್ಕೆ ಬಂದಾಗ ಖಾಸಿಂಬಿ ಹುಟ್ಟಿರಲಿಲ್ಲ. ಅವಳು ಹೇಳಿದ್ದೆಲ್ಲ ನಾಗವ್ವನ ಬಾಯಿಂದಲೇ ಕೇಳಿದ್ದು. ಮುತ್ಯಾನ ಮೇಲೆ ಹುಟ್ಟಿದ ಕೂಸು ಸತ್ತೇ ಹುಟ್ಟಿತಂತೆ. ಆಮೇಲೆ ನಾಗವ್ವ ಮಾತು ಬಿಟ್ಟಳು, ಊಟ ಬಿಟ್ಟಳು, ಹೊಲದ ಬದುವಿನ ಮೇಲೆ ಅಡ್ಡಾಡತೊಡಗಿದಳು. ಗಂಡನ ಮನೆಯವರು ದನಗಳು ಮೇವು ತಿನ್ನುವ ಗ್ವಾದಲಿಯ ಬಳೆಗೆ ಸರಪಳಿ ಹಾಕಿ ಕಾಲಿಗೆ ಬಿಗಿದರು. ಎಷ್ಟು ದಿನವೋ. ಒಂದು ದಿನ ಯಾರೋ ಬಿಚ್ಚಿದರು, ಅತ್ತೆಯೇ ಇರಬಹುದು. ನಾಗವ್ವ ಅದನ್ನು ಹೇಳಲಿಲ್ಲವಂತೆ. ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ನಡೆದಳು. ಸಿಂದಗಿಯ ಸಂತೆಯಲ್ಲಿ ಹಿಡಿದು ಮಗನನ್ನು ಕಸಿದುಕೊಂಡರು. ಅವಳು ತಿರುಗಿ ಹೋಗಲಿಲ್ಲ.

"ಇಲ್ಲಿ ಕಾಲಿನ ಮಣಿಕಟ್ಟಿನ್ಯಾಗ ಗುರುತ ಇತ್ತ ನೋಡ," ಖಾಸಿಂಬಿ ತನ್ನ ಕಾಲು ಮುಟ್ಟಿ ತೋರಿಸಿದಳು, "ಬಳಿ ಇಟ್ಕೊಂಡಂಗ. ನಾ ಸಣ್ಣ ಸೊಸಿ ಆಗಿ ಬಂದಾಗ ಕೇಳಿದ್ನಿ, ಆಯೀ, ಒಂದ ಕಾಲಾಗ ಯಾಕ ಕಾಲಗಡಗಾ ಹಾಕ್ತಿದ್ದಿ ಅಂತ. ನಕ್ಕಳ."

"ಇಲ್ಲಿ ಬಂದ ಮ್ಯಾಲ ಆರಾಮಾದ್ರೇನ್ರಿ?"

"ಎಲ್ಲಿ ಆರಾಮ? ಪ್ರತಿ ವರ್ಷ, ಶ್ರಾವಣ ಮುಗೀತಂದ್ರ ಮಲಗಿ ಬಿಡ್ತಿದ್ಲು. ಮಾತಿಲ್ಲ ಕಥಿಲ್ಲ. ಗ್ವಾಡಿ ಕಡೆ ಮಾರಿ ಮಾಡಿ ಒಂದ ತಿಂಗಳ."

"ಆಗ ನೀವೇನ ಮಾಡ್ತಿದ್ರಿ?"

"ಏನ ಮಾಡೂದು? ಎಮ್ಮಿ ನಾವ ಹಿಂಡ್ತಿದ್ವಿ. ಆಕಿ ಗಡಿಗಿ ನಾ ಹೊರ್ತಿದ್ನಿ. ಗಂಜಿ ಕುಡಸ್ತಿದ್ವಿ. ಕುಡೀಲಿಲ್ಲಂದ್ರ ನಮ್ಮತ್ತಿ ಬೈದ ಕುಡಸ್ತಿದ್ಲು."

"ಕಟ್ಟತಿದ್ದಿಲ್ರಿ?"

"ಎಮ್ಮಿ ಕಟ್ತಿದ್ವಿ," ಅಂದಳು ಖಾಸಿಂಬಿ. ಆಮೇಲೆ ನನ್ನ ಪ್ರಶ್ನೆ ಅವಳಿಗೆ ತಿಳಿಯಿತು. "ಮನಷ್ಯಾರ್ನ ಯಾಕ ಕಟ್ಟೂದವ್ವ? ಒಂದ ದಿನ ತಾನ ಎದ್ದ, ಮಾರಿ ತೊಳಕೊಂಡ, ನನ್ನ ಗಡಿಗಿ ಎಲ್ಲೈತಿ, ನೀ ನೀರ ಕಲಿಸಿ ಮಾರಿ ನನ್ನ ಹೆಸರ ಕೆಡಿಸಿದಿ ಅಂತ ಜಗಳಾ ತಗೀತಿದ್ಲು. ಜಗಳಾ ತಗದಳಂದ್ರ ಆರಾಮ ಆದ್ಲು ಅಂತ ನಾವ ತಿಳಕೋಬೇಕು."

ಹೀಗೆ ಐವತ್ತು ವರ್ಷಕ್ಕೂ ಹೆಚ್ಚು. ಊರು ಮುಳುಗಿತು, ಹೊಸ ಊರಿಗೆ ಎಮ್ಮೆ ಹೊಡೆದುಕೊಂಡು ಬಂದಳು, ಇಲ್ಲಿಯೂ ಮೊಸರು ಮಾರಿದಳು, ಇದೇ ಓಣಿಯಲ್ಲಿ ಹಾಸಿಗೆಯ ಮೇಲೆ ಸತ್ತಳು.

"ಸತ್ತಾಗ ನಮ್ಮ ಮನಿಯವರ ನಿಮ್ಮೂರಿಗೆ ಬಂದಿದ್ರು. ಮಗ ತೀರಿಕೊಂಡಾನ ಅಂದ್ರಂತ. ಮೊಮ್ಮಗ ಬಾಗಲದಾಗ ನಿಂತಿದ್ದನಂತ. ಶರಣಪ್ಪ ಅಂತ ಏನೋ ಹೆಸರ. ಆ ಹೆಸರಿನಾಕಿ ನಮ್ಮ ಮನ್ಯಾಗ ಯಾರೂ ಇಲ್ಲ ಅಂದನಂತ. ನೀರೂ ಕೇಳಲಿಲ್ಲಂತ. ಇವರ ತಿರುಗಿ ಬಂದ್ರು. ಓಣಿಯವರ ಕೂಡಿ ಮಣ್ಣ ಕೊಟ್ವಿ."

ದೊಡ್ಡಪ್ಪನಿಗೆ ಗೊತ್ತಿತ್ತು. ಹೊಳೆಗೆ ಹಾರಿದಳು ಎಂದು ನನ್ನ ಮುಖ ನೋಡದೆ ಹೇಳಿದ ದೊಡ್ಡಪ್ಪನಿಗೆ, ಅವಳು ಎಲ್ಲಿ ಬದುಕಿದಳು, ಯಾವಾಗ ಸತ್ತಳು, ಎಲ್ಲಾ ಗೊತ್ತಿತ್ತು.

ನಾಗವ್ವನಿಗೆ ಕಾಯಿಲೆಯೇ ಇರಲಿಲ್ಲ, ಎಲ್ಲ ಸುಳ್ಳು ಆರೋಪ ಎಂದು ನಾನು ಬರೆಯುವುದಿಲ್ಲ. ಇತ್ತು. ಸಾಯುವವರೆಗೂ ಇತ್ತು. ಒಂದೂರಿನಲ್ಲಿ ಅದಕ್ಕೆ ಸರಪಳಿ ಬಿತ್ತು, ಇನ್ನೊಂದೂರಿನಲ್ಲಿ ಗಂಜಿ ಸಿಕ್ಕಿತು. ನಾನು ಕಂಡುಹಿಡಿದದ್ದು ಇಷ್ಟೇ, ನನಗೆ ಬೇಕಾಗಿದ್ದದ್ದೂ ಇಷ್ಟೇ.

ಆ ಶನಿವಾರ ಸಿಂದಗಿಯಲ್ಲಿ ಬಸ್ಸು ಬದಲಿಸುವಾಗ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಸ್ಕ್ರೂಡ್ರೈವರ್ ಕೊಂಡೆ. ಮನೆಗೆ ಹೋದವಳು ಚೀಲ ಇಳಿಸದೆ ಸೀದಾ ಕವಿತಾಳ ಬಾಗಿಲಿಗೆ ಹೋಗಿ ಕೂತೆ.

"ಏನ ಮಾಡಾಕತ್ತಿ?" ದೊಡ್ಡಪ್ಪ ಕಟ್ಟೆಯಿಂದ ಎದ್ದು ಬಂದ.

"ಚಿಲಕ ತಗ್ಯಾಕತ್ತೇನಿ."

"ಯಾರ ಮನಿ ಅಂತ ತಿಳದಿ ಇದನ್ನ?"

"ನಾಗವ್ವನ ಮನಿ ಅಂತ ತಿಳದೇನ್ರಿ. ಕೊಲ್ಹಾರಕ್ಕ ಹೋಗಿದ್ನಿ. ಖಾಸಿಂಬಿ ನಿಮ್ಮನ್ನ ಕೇಳ್ಯಾಳ. ಆಕಿ ಗಂಡ ಸುದ್ದಿ ಹೇಳಾಕ ಬಂದಾಗ ಒಂದ ಚರಗಿ ನೀರ ಕೊಡಲಿಲ್ಲಂತ ನೀವು."

ನಾನು ಮೂರು ಸ್ಕ್ರೂ ತೆಗೆದು, ಗ್ವಾದಲಿಯಿಂದ ಹಿಡಿದು ಹೊಸ ಕೊಲ್ಹಾರದ ಮಣ್ಣಿನವರೆಗೆ ಎಲ್ಲವನ್ನೂ ಹೇಳಿದೆ. ಬಾಗಿಲಿನ ಆ ಕಡೆ ಕವಿತಾ ಇದ್ದಾಳೆಂದು ಗೊತ್ತಿದ್ದೇ ಜೋರಾಗಿ ಹೇಳಿದೆ.

ದೊಡ್ಡಪ್ಪನ ದನಿ ಕೆಳಗಿಳಿಯಿತು. "ಆಗ ಮನ್ಯಾಗ ಮಗಳ ಮದುವಿ ಗೊತ್ತಾಗಿತ್ತು. ಹುಚ್ಚರ ಮನೆತನ ಅಂದಿದ್ರ ಯಾರ ಬರ್ತಿದ್ರು? ನಿಮಗೆಲ್ಲಾ ಮಾತಾಡೂದು ಹಗರ ಐತಿ."

"ಒಂದ ಮದುವಿ ಸಲುವಾಗಿ ಸತ್ತಾಕಿನ್ನ ಇಲ್ಲ ಅಂದ್ರಿ. ಈಗ ಜೀವಂತ ಇದ್ದಾಕಿನ್ನೂ ಇಲ್ಲ ಮಾಡ್ತೀರೇನ್ರಿ?"

ನಾಲ್ಕನೆಯ ಸ್ಕ್ರೂ ಮಳೆಗೆ ತುಕ್ಕು ಹಿಡಿದು ಕೂತಿತ್ತು. ಎಷ್ಟು ತಿರುವಿದರೂ ಜಾರುತ್ತಿತ್ತು. ಅಷ್ಟರಲ್ಲಿ ನಮ್ಮಪ್ಪ, ಆ ತನಕ ಕಂಬಕ್ಕೆ ಒರಗಿ ನಿಂತಿದ್ದವನು, ಅಡುಗೆಮನೆಗೆ ಹೋಗಿ ಕುಸುಬಿ ಎಣ್ಣೆಯ ಬಟ್ಟಲು ತಂದ. ಅಣ್ಣನ ಕಡೆ ನೋಡಲಿಲ್ಲ. ಬೆರಳಿನಿಂದ ಎಣ್ಣೆ ಬಿಟ್ಟು, ನನ್ನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ತಾನೇ ತಿರುವಿದ.

ಸೋಮವಾರ ಕವಿತಾಳನ್ನು ವಿಜಯಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವಳ ತಾಯಿ ಮಾವನನ್ನು ಕೇಳದೆ ಛತ್ರಿ ತೆಗೆದುಕೊಂಡು ನಮ್ಮ ಹಿಂದೆ ಬಸ್ಸು ಹತ್ತಿದಳು. ಹೆರಿಗೆಯಾದ ಮೇಲೆ ಹೀಗಾಗುವುದುಂಟು, ಗುಳಿಗೆ ತಪ್ಪಿಸಬೇಡಿ, ಒಬ್ಬಳನ್ನೇ ಬಿಡಬೇಡಿ, ಹೊತ್ತು ಹಿಡಿಯುತ್ತದೆ ಎಂದರು ಡಾಕ್ಟರು. ಹಿಡಿಯಿತು. ಎರಡನೆಯ ವಾರ 'ನೀರು' ಅಂದಳು. ಮೂರನೆಯ ವಾರ 'ಸಾಕು' ಅಂದಳು. ಗಾಳಿ ಬಿಡಿಸುವವನ ಮಾತನ್ನು ದೊಡ್ಡಪ್ಪ ಮತ್ತೆ ಎತ್ತಲಿಲ್ಲ. ನನ್ನ ಜೊತೆಯೂ ಮಾತಾಡಲಿಲ್ಲ.

ಅಮಾವಾಸ್ಯೆಯ ದಿನ ನಾನು ಒಂದು ಇಳಕಲ್ ಸೀರೆ ತಂದೆ. ಹಿರಿಯರ ಮುಂದೆ ಇಡುವ ಹೊಸ ಬಟ್ಟೆಗಳ ಜೊತೆ ಅದನ್ನೂ ಮಡಚಿ ಇಟ್ಟು, ನಾಲ್ಕು ತಾಟಿನ ಸಾಲಿಗೆ ಐದನೆಯ ತಾಟು ಇಟ್ಟೆ. ಹೆಂಗಸರು ಎಡೆ ತಯಾರಿಸುತ್ತಾರೆ, ಹೆಸರು ಕರೆಯುವುದು ಗಂಡಸರು. ದೊಡ್ಡಪ್ಪ ಐದನೆಯ ತಾಟು ನೋಡಿದ. ಅದನ್ನು ತೆಗೆ ಅನ್ನಲಿಲ್ಲ. ನಾಲ್ಕು ಹೆಸರು ಕರೆದ. ನಿಲ್ಲಿಸಿದ. ಹೆಳವ ಮಲ್ಲಪ್ಪನ ಹಾಗೆಯೇ ಒಂದು ಉಸಿರು.

"ನಾಗವ್ವ," ಅಂದೆ ನಾನು. "ತಂದಿ ಭೀಮಪ್ಪ. ಊರು ಕೊಲ್ಹಾರ."

ಸಣ್ಣ ಹುಡುಗಿಯರು ಬಾಗಿಲ ಕಡೆ ನೋಡಿದರು. ಕರೆದರೆ ಬರುತ್ತಾಳೆಂದು ನಮ್ಮನ್ನೆಲ್ಲ ಹೆದರಿಸಿದ್ದರಲ್ಲ, ಬರಲಿ ಎಂದೇ ಕರೆದೆ.

ಆಗ ನಮ್ಮವ್ವ, ಕೈಯಲ್ಲಿ ಬಡಿಸುವ ಸೌಟು ಹಿಡಿದವಳು, ಕೇಳಿದಳು: "ಅಲ್ಲಬೇ ಮಾದೇವಿ, ಆಕಿಗೇನ ಸೇರ್ತಿತ್ತು?"

ನಮ್ಮಲ್ಲಿ ಎಡೆಯ ಜೊತೆ ಅವರವರಿಗೆ ಸೇರಿದ್ದನ್ನು ಇಡಬೇಕು. ಮುತ್ಯಾನ ತಾಟಿನ ಪಕ್ಕ ಬೀಡಿಕಟ್ಟು, ಆಯಿಯದಕ್ಕೆ ನಶ್ಯದ ಡಬ್ಬಿ. ನನ್ನ ಹತ್ತಿರ ನಾಗವ್ವನ ಹೆಬ್ಬೆಟ್ಟಿನ ಗುರುತಿತ್ತು, ಮನೆಯ ಅಂಕಣ ಎಷ್ಟೆಂದು ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಅಲ್ಲೇ ಕೂತು ಖಾಸಿಂಬಿಯ ಮಗನಿಗೆ ಫೋನ್ ಹಚ್ಚಿ ಸ್ಪೀಕರ್ ಮೇಲೆ ಇಟ್ಟೆ.

"ಹೋಳಗಿ ಮಾಡೀರೇನ?" ಖಾಸಿಂಬಿಯ ದನಿ ಜಗುಲಿಯ ತುಂಬ ಕೇಳಿತು.

"ಮಾಡೇವ್ರಿ."

"ತುಪ್ಪ ಎಷ್ಟ ಹಾಕೀರಿ?"

"ಒಂದ ಚಮಚ್ರಿ."

"ಹಂಗಾರ ತಾಟ ಸರಿಸಿ ಎದ್ದ ಹೊಕ್ಕಾಳ ತಗೋ! ಹೋಳಗಿ ಕಾಣಬಾರ್ದು, ಹಂಗ ಸುರೀಬೇಕ ಆಕಿಗೆ. ಈದ್ ದಿನಾ ನಮ್ಮ ಮನಿಗೆ ಬಂದ್ರೂ ಸುರಕುರ್ಮಾದಾಗ ತುಪ್ಪ ಎಲ್ಲೈತಿ ಅಂತ ಹುಡುಕಾಕಿ ಆಕಿ."

ಮೊದಲು ನಕ್ಕದ್ದು ನಮ್ಮವ್ವ. ಆಮೇಲೆ ಕವಿತಾಳ ತಾಯಿ. ಅವ್ವ ಇನ್ನೊಂದು ಚಮಚ ಹಾಕಿ, ಕೈ ಹಿಡಿದು, ಮತ್ತೆ ಅರ್ಧ ಹಾಕಿದಳು. ಕಾಯಿ ಒಡೆದಾಯಿತು. ಎಡೆಯ ತಾಟುಗಳನ್ನು ಮನೆಯವರು ಉಣ್ಣಬೇಕು, ನಾಲ್ಕನ್ನು ಹಂಚಿಕೊಂಡರು. ಐದನೆಯದರ ಮುಂದೆ ಯಾರೂ ಕೂರಲಿಲ್ಲ. ನಾನು ಕೂರಬೇಕೆಂದು ಸೆರಗು ಸಿಕ್ಕಿಸುತ್ತಿದ್ದೆ. ಅಷ್ಟರಲ್ಲಿ ಕವಿತಾ ತನ್ನ ಕೋಣೆಯಿಂದ ಬಂದು, ಗೋಡೆ ಹಿಡಿದು ಮೆಲ್ಲಗೆ ಆ ತಾಟಿನ ಮುಂದೆ ಕೂತಳು. ಹೋಳಿಗೆಯನ್ನು ಬೆರಳಿನಿಂದ ಒತ್ತಿ ನೋಡಿದಳು.

"ತುಪ್ಪ ಕಡಿಮಿ ಐತಿ," ಅಂದಳು.

ತುಪ್ಪದ ಗಿಂಡಿ ದೊಡ್ಡಪ್ಪನ ಹತ್ತಿರವಿತ್ತು. ಅವನು ಅದನ್ನು ನೋಡಿದ, ಅವಳನ್ನು ನೋಡಿದ. ದೊಡ್ಡಪ್ಪನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಹಕ್ಕಿದ್ದವಳು ಕೊಲ್ಹಾರದ ಮಣ್ಣಿನಲ್ಲಿದ್ದಾಳೆ. ಅವನು ಗಿಂಡಿಯನ್ನು ಅವಳ ಕಡೆ ದಬ್ಬಿದ. ಬಡಿಸಲಿಲ್ಲ, ದಬ್ಬಿದ ಅಷ್ಟೇ. ಕವಿತಾ ಎರಡೂ ಕೈಯಿಂದ ಎತ್ತಿ, ಹೋಳಿಗೆ ಕಾಣದಷ್ಟು ತಾನೇ ಸುರಿದುಕೊಂಡಳು.